ಕುರ್ಲಾದಿಂದ ಜಪಾನಿಗೆ ಇಂಗ್ಲಿಷಿನ ಸುತ್ತುದಾರಿ ಯಾಕೆ?

ಕುರ್ಲಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಶೇರ್ ರಿಕ್ಷಾ ಹಿಡಿದರೆ, ಮಿಠಿ ನದಿಯ ಆಚೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ಮುಂಬಯಿ-ಅಹಮದಾಬಾದ್ ಬುಲೆಟ್ ರೈಲಿನ ಮುಂಬಯಿ ನಿಲ್ದಾಣ ಅಲ್ಲಿ ನೆಲದಡಿಯಲ್ಲಿ ತಯಾರಾಗುತ್ತಿದೆ. ಯೋಜನೆಯ ಸಾಲ ಜಪಾನಿನದು, ಮಾದರಿ ಜಪಾನಿನ ಶಿಂಕಾನ್ಸೆನ್. ಅದೇ ಸ್ಟೇಷನ್ನಿನ ಪೂರ್ವಕ್ಕೆ ಹೋದರೆ ನೆಹರೂ ನಗರ, ಬಂಟರ ಭವನ, ಲೋಕಮಾನ್ಯ ತಿಲಕ್ ಟರ್ಮಿನಸ್. ಮಂಗಳೂರಿನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹೊರಡುವುದು ಅಲ್ಲಿಂದ. ಒಂದು ಕಡೆ ಊರಿನ ರೈಲು, ಇನ್ನೊಂದು ಕಡೆ ಜಪಾನಿನ ರೈಲು. ನಡುವೆ ಹೋಟೆಲು, ಅಂಗಡಿ, ಬ್ಯಾಂಕು, ಆಫೀಸುಗಳಲ್ಲಿ ದುಡಿಯುವವರ ಕನ್ನಡ, ತುಳು ಮಾತಿನ ಮನೆಗಳು.

ಈ ಮನೆಗಳ ಹುಡುಗ ಹುಡುಗಿಯರಿಗೆ ಜಪಾನಿ ಭಾಷೆ ಈಗ ದೂರದ ಮಾತಲ್ಲ. 2025ರ ಆಗಸ್ಟ್ 29ರಂದು ಟೋಕಿಯೋದಲ್ಲಿ ಭಾರತ ಮತ್ತು ಜಪಾನ್ ಒಂದು ಯೋಜನೆಯನ್ನು ಪ್ರಕಟಿಸಿದವು. ಐದು ವರ್ಷಗಳಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನರ ಓಡಾಟ, ಅದರಲ್ಲಿ ಭಾರತದಿಂದ ಜಪಾನಿಗೆ ಹೋಗುವ 50,000 ಕುಶಲ ಕೆಲಸಗಾರರು ಎನ್ನುವುದು ಅದರ ಗುರಿ. ಇದಕ್ಕೂ ಮೊದಲೇ, 2019ರ ಏಪ್ರಿಲ್‌ನಲ್ಲಿ, ಜಪಾನ್ 'ನಿರ್ದಿಷ್ಟ ಕೌಶಲ' ಎಂಬ ಹೊಸ ವೀಸಾ ತೆರೆದಿತ್ತು. ವೃದ್ಧರ ಆರೈಕೆ, ಕಟ್ಟಡಗಳ ಸ್ವಚ್ಛತೆ, ಕೃಷಿ, ಹೋಟೆಲು, ಊಟ-ತಿಂಡಿಯ ವ್ಯಾಪಾರ ಎಲ್ಲ ಅದರಲ್ಲಿ ಸೇರುತ್ತವೆ. ಮುಂಬಯಿಯ ಕನ್ನಡಿಗರು ನೂರು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವೇ ಆ ಪಟ್ಟಿಯಲ್ಲಿದೆ. ಬೇಕಾದ್ದು ಕೆಲಸದ ಪರೀಕ್ಷೆಯ ಜೊತೆಗೆ ಒಂದು ಭಾಷಾ ಪರೀಕ್ಷೆ: ಜೆಎಲ್‌ಪಿಟಿಯ ಎನ್-4, ಅಥವಾ ಅದಕ್ಕೆ ಸಮನಾದ ಜೆಎಫ್‌ಟಿ-ಬೇಸಿಕ್.

ಆದ್ದರಿಂದ 'ಮನೆಯಲ್ಲೇ ಕೂತು ಅಗ್ಗದಲ್ಲಿ ಜಪಾನಿ ಕಲಿಯಿರಿ' ಎಂಬ ಮಾತು ಫೋನಿನಿಂದ ಫೋನಿಗೆ ಓಡುತ್ತಿದೆ. ಮಾತು ಅರ್ಧ ನಿಜ. ಪಾಠ ಅಗ್ಗವಾಗಿದೆ, ಎಷ್ಟೋ ಕಡೆ ಪುಕ್ಕಟೆಯೇ ಆಗಿದೆ. ಕಲಿಕೆ ಅಗ್ಗವಾಗಿಲ್ಲ. ಈ ಎರಡರ ನಡುವಿನ ಅಂತರವನ್ನು ಇನ್ನಷ್ಟು ರಿಯಾಯಿತಿ ದರ ತುಂಬುವುದಿಲ್ಲ. ತುಂಬಬಲ್ಲವು ಎರಡು: ಕನ್ನಡದಲ್ಲಿ ಬರೆದ ವಿವರಣೆ, ಜೊತೆಗೆ ಕೂತು ಕಲಿಯುವ ಹತ್ತು ಜನ. ಎರಡನ್ನೂ ಒದಗಿಸುವ ಶಕ್ತಿ ಮುಂಬಯಿ ಕನ್ನಡಿಗರಿಗೆ ಇದೆ. ಹಿಂದೊಮ್ಮೆ ಒದಗಿಸಿದ್ದೂ ಉಂಟು.

ಪುಕ್ಕಟೆ ಏನೇನು ಸಿಗುತ್ತದೆ

ಮೊದಲು ಇರುವುದನ್ನು ಲೆಕ್ಕ ಹಾಕಬೇಕು, ಯಾಕೆಂದರೆ ಇರುವುದು ಕಡಿಮೆಯೇನಲ್ಲ. ಜಪಾನ್ ಸರ್ಕಾರದ ಬೆಂಬಲದ ಜಪಾನ್ ಫೌಂಡೇಶನ್ 'ಇರೊದೊರಿ' ಎಂಬ ಪಠ್ಯಮಾಲೆಯನ್ನು ಇಡಿಯಾಗಿ ಪುಕ್ಕಟೆ ಕೊಡುತ್ತದೆ. ಮೂರು ಪುಸ್ತಕ, ಒಂದೊಂದರಲ್ಲಿ 18 ಪಾಠ, ಜೊತೆಗೆ ಧ್ವನಿಮುದ್ರಣ. ಹೊಸದಾಗಿ ಜಪಾನಿಗೆ ಕೆಲಸಕ್ಕೆ ಹೋದವರು ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕೆಲಸದ ಜಾಗದಲ್ಲಿ ಏನು ಕೇಳಿಸಿಕೊಳ್ಳುತ್ತಾರೆ, ಏನು ಹೇಳಬೇಕಾಗುತ್ತದೆ ಎನ್ನುವುದರ ಮೇಲೆ ಕಟ್ಟಿದ ಪಾಠಗಳು ಅವು. ಅದೇ ಸಂಸ್ಥೆಯ 'ಮಿನಾತೊ' ತಾಣದಲ್ಲಿ ತಾವೇ ಕಲಿಯುವ ಕೋರ್ಸುಗಳಿವೆ. ಎನ್‌ಪಿಟೆಲ್‌ನಲ್ಲಿ ಐಐಟಿ ಕಾನ್ಪುರದ ಜಪಾನಿ ಭಾಷೆ-ಸಂಸ್ಕೃತಿಯ ಆರಂಭದ ಕೋರ್ಸು ಇದೆ. ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದವರಿಗೆ ಮಾತ್ರ ಪರೀಕ್ಷಾ ಶುಲ್ಕ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಕಿವಿಯಲ್ಲೇ ಕಲಿಯಬಹುದಾದ ಸಣ್ಣ ಸಣ್ಣ ಪಾಠಗಳನ್ನು ಕೊಡುತ್ತದೆ. ಕುರ್ಲಾದಿಂದ ಬೆಳಗಿನ ಲೋಕಲ್ ಹತ್ತುವವರಿಗೆ ಕೈ ಎತ್ತಿ ಫೋನು ನೋಡಲೂ ಜಾಗವಿರುವುದಿಲ್ಲ. ಅಂಥವರಿಗೆ ಇದೇ ಹೆಚ್ಚು ಉಪಯೋಗ.

ಪದ ನೆನಪಿಡಲು 'ಆಂಕಿ' ಇದೆ. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಎದುರಿಗೆ ತಂದು ನಿಲ್ಲಿಸುವ ಈ ತಂತ್ರಾಂಶವನ್ನು ಡೇಮಿಯನ್ ಎಲ್ಮ್ಸ್ 2006ರಲ್ಲಿ ಹೊರತಂದದ್ದು ತಾನು ಜಪಾನಿ ಕಲಿಯುವುದಕ್ಕಾಗಿಯೇ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಅದಕ್ಕೆ ದುಡ್ಡಿಲ್ಲ. ನಿಘಂಟಿಗೂ ದುಡ್ಡಿಲ್ಲ. ಆಸ್ಟ್ರೇಲಿಯಾದ ಜಿಮ್ ಬ್ರೀನ್ 1991ರಲ್ಲಿ ಶುರುಮಾಡಿದ ಜಪಾನಿ-ಇಂಗ್ಲಿಷ್ ಪದಕೋಶವೇ ಇವತ್ತು ಹೆಚ್ಚಿನ ಉಚಿತ ನಿಘಂಟುಗಳ ಒಳಗಿನ ಸರಕು. ತರಗತಿಗಳಲ್ಲಿ ಬಳಸುವ 'ಮಿನ್ನ ನೊ ನಿಹೊಂಗೊ' ಪುಸ್ತಕಕ್ಕೆ ಕಡಿಮೆ ಬೆಲೆಯ ಭಾರತೀಯ ಮುದ್ರಣ ಸಿಗುತ್ತದೆ. ಮಾತಾಡಲು ಶಿಕ್ಷಕರು ಬೇಕೆಂದರೆ ಗಂಟೆಯ ಲೆಕ್ಕದಲ್ಲಿ ದರ ಹೇಳುವ ಆನ್‌ಲೈನ್ ಶಿಕ್ಷಕರಿದ್ದಾರೆ.

ಇಷ್ಟಿದ್ದೂ ಲೆಕ್ಕ ಎಲ್ಲಿ ತಪ್ಪುತ್ತದೆ? ಮೊದಲನೆಯದು ಗಂಟೆಗಳ ಲೆಕ್ಕ. ಜೆಎಲ್‌ಪಿಟಿ 2010ರಲ್ಲಿ ಐದು ಹಂತಕ್ಕೆ ಬದಲಾಗುವ ಮೊದಲು ನಾಲ್ಕೇ ಹಂತಗಳಿದ್ದವು, ಒಂದೊಂದಕ್ಕೂ ಅಂದಾಜು ಗಂಟೆಗಳನ್ನು ಹೇಳುತ್ತಿದ್ದರು. ಈಗಿನ ಎನ್-5ರ ಮಟ್ಟಕ್ಕೆ 150 ಗಂಟೆ, 800 ಪದ, 100 ಕಾಂಜಿ ಅಕ್ಷರ. ಎನ್-4ರ ಮಟ್ಟಕ್ಕೆ 300 ಗಂಟೆ, 1,500 ಪದ, 300 ಕಾಂಜಿ. ವಾರಕ್ಕೆ 6 ಗಂಟೆ ಕೂತರೆ 25 ವಾರಗಳಲ್ಲಿ ಮೊದಲನೆಯದು, ಒಂದು ವರ್ಷದೊಳಗೆ ಎರಡನೆಯದು. ಕಾಗದದ ಮೇಲೆ ಕಷ್ಟವೇನಲ್ಲ. ಆದರೆ ಹೋಟೆಲಿನ ಗಲ್ಲಾದಿಂದಲೋ ಆಫೀಸಿನಿಂದಲೋ ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ನಾಲ್ಕು ಜನ ಮಲಗುವ ಖೋಲಿಯಲ್ಲಿ ವಾರಕ್ಕೆ 6 ಗಂಟೆಯನ್ನು 50 ವಾರ ಬಿಡದೆ ಹೊಂದಿಸುವುದು ಬೇರೆಯದೇ ಮಾತು.

ಶಿಕ್ಷಕರ ಹೊತ್ತೂ ಹಾಗೆಯೇ. ಜಪಾನಿನ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದೆ. ಕುರ್ಲಾದಲ್ಲಿ ರಾತ್ರಿ 9 ಆದಾಗ ಒಸಾಕಾದಲ್ಲಿ 12.30. ದುಡಿಯುವವರಿಗೆ ಬಿಡುವಾಗುವ ಹೊತ್ತಿಗೆ ಅಲ್ಲಿನ ಶಿಕ್ಷಕರು ಮಲಗಿರುತ್ತಾರೆ. ಅವರ ಬೆಳಗಿನ ತರಗತಿ ಹಿಡಿಯಬೇಕೆಂದರೆ ಇಲ್ಲಿ ಕೋಳಿ ಕೂಗುವ ಮೊದಲೇ ಏಳಬೇಕು. ಆದ್ದರಿಂದ ಕುರ್ಲಾದ ಕಲಿಯುವವರಿಗೆ ಟೋಕಿಯೋದ ಶಿಕ್ಷಕರಿಗಿಂತ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಕಲಿಸುವವರು ಹೆಚ್ಚು ಒದಗುತ್ತಾರೆ.

ಸುತ್ತುದಾರಿಯ ಬೆಲೆ

ಇನ್ನೊಂದು ವೆಚ್ಚ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಮೇಲೆ ಹೇಳಿದ ಸಾಮಗ್ರಿಯ ಬಹುಪಾಲು ವಿವರಿಸುವುದು ಇಂಗ್ಲಿಷಿನಲ್ಲಿ. ಎನ್‌ಎಚ್‌ಕೆ ಪಾಠಗಳು ಹಿಂದಿ, ಬಂಗಾಳಿ, ಉರ್ದುಗಳಲ್ಲಿವೆ, ಕನ್ನಡದಲ್ಲಿಲ್ಲ. ಯೂಟ್ಯೂಬ್‌ನಲ್ಲಿ ಕನ್ನಡದ ವಿಡಿಯೋಗಳು ಅಲ್ಲಲ್ಲಿ ಸಿಗುತ್ತವೆ. ನಮಸ್ಕಾರ, ಧನ್ಯವಾದ, ಒಂದು-ಎರಡು-ಮೂರು ದಾಟಿ ಮುಂದೆ ಹೋಗುವವು ಅಪರೂಪ. ಹೀಗಾಗಿ ಕನ್ನಡದ ಕಲಿಯುವವರು ಮೊದಲು ಇಂಗ್ಲಿಷ್ ವ್ಯಾಕರಣದ ಪರಿಭಾಷೆಯನ್ನು ಅರ್ಥ ಮಾಡಿಕೊಂಡು, ಆಮೇಲೆ ಅದರ ಮೂಲಕ ಜಪಾನಿಯನ್ನು ನೋಡಬೇಕು.

ಇಲ್ಲೇ ಇರುವುದು ವಿಚಿತ್ರ. ಇಂಗ್ಲಿಷಿನಿಂದ ಹೊರಟವರಿಗೆ ಜಪಾನಿ ತೀರ ಕಷ್ಟದ ಭಾಷೆ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಇಂಗ್ಲಿಷ್ ಮಾತಿನ ಅಧಿಕಾರಿಗಳಿಗೆ ಜಪಾನಿ ಕಲಿಸಲು 2,200 ತರಗತಿ ಗಂಟೆ ಬೇಕೆಂದು ಲೆಕ್ಕ ಹಾಕಿ, ಅದನ್ನು ಅತಿ ಕಠಿಣ ಭಾಷೆಗಳ ಗುಂಪಿಗೆ ಸೇರಿಸಿದೆ. ಆದರೆ ಆ ಕಷ್ಟದ ದೊಡ್ಡ ಭಾಗ ಇಂಗ್ಲಿಷಿನ ಕಷ್ಟ. ವಾಕ್ಯದ ಕಟ್ಟಡದ ವಿಷಯದಲ್ಲಿ ಕನ್ನಡ ಬಲ್ಲವರು ಆಗಲೇ ಅರ್ಧ ದಾರಿಯಲ್ಲಿ ನಿಂತಿರುತ್ತಾರೆ.

ಒಂದು ವಾಕ್ಯ ನೋಡಬಹುದು: 'ಕುರ್ಲಾ ಕರ ದಾದರ್ ಮದೆ ದೆನ್‌ಶ ದೆ ಇಕು.' ಕನ್ನಡದಲ್ಲಿ 'ಕುರ್ಲಾದಿಂದ ದಾದರ್‌ವರೆಗೆ ರೈಲಿನಲ್ಲಿ ಹೋಗುತ್ತೇನೆ.' 'ಕರ' ಎಂದರೆ 'ಇಂದ', 'ಮದೆ' ಎಂದರೆ 'ವರೆಗೆ', 'ದೆ' ಎಂದರೆ ಇಲ್ಲಿ 'ಅಲ್ಲಿ', 'ಇಕು' ಎಂದರೆ ಹೋಗು. ಪದಗಳ ಸರದಿಯನ್ನು ಒಂದಿಷ್ಟೂ ಕದಲಿಸಬೇಕಾಗಿಲ್ಲ. ಇಂಗ್ಲಿಷಿನ ಮೂಲಕ ಬಂದವರು ಕ್ರಿಯಾಪದವನ್ನು ಎತ್ತಿ ಕೊನೆಗೆ ಹಾಕಬೇಕು, ಹೆಸರಿನ ಮುಂದಿದ್ದ ಪದಗಳನ್ನು ಹಿಂದಕ್ಕೆ ತರಬೇಕು.

'ಕಿನೋ ಕಿತ ಹಿತೊ' ಎಂದರೆ 'ನಿನ್ನೆ ಬಂದ ಮನುಷ್ಯ.' ಒಂದಕ್ಕೊಂದು ಪದ. ಇಂಗ್ಲಿಷ್ ಪುಸ್ತಕದಲ್ಲಿ ಇದು 'ರಿಲೇಟಿವ್ ಕ್ಲಾಸ್' ಎಂಬ ದೊಡ್ಡ ಅಧ್ಯಾಯ, ಬಾಣದ ಗುರುತು ಹಾಕಿದ ಚಿತ್ರಗಳ ಸಮೇತ. ಕನ್ನಡದ ಮಗು ಶಾಲೆಗೆ ಹೋಗುವ ಮೊದಲೇ ಇದನ್ನು ಕಲಿತಿರುತ್ತದೆ. 'ಇಕು ತೊ ಇತ್ತ' ಎಂದರೆ 'ಹೋಗುತ್ತೇನೆ ಎಂದು ಹೇಳಿದ.' ಕನ್ನಡದಲ್ಲಿ ಹೇಳಿದವನ ಮಾತು ಹೇಗಿತ್ತೋ ಹಾಗೆ ಉಳಿದು ಪಕ್ಕದಲ್ಲಿ 'ಎಂದು' ಬರುವ ಹಾಗೆ, ಅಲ್ಲಿ 'ತೊ' ಬರುತ್ತದೆ.

ಇನ್ನೂ ಸೊಗಸಾದದ್ದು ಜೋಡಿ ಕ್ರಿಯಾಪದಗಳು. 'ಯೊಂದೆ' ಎಂದರೆ 'ಓದಿ', 'ಮಿರು' ಎಂದರೆ 'ನೋಡು'. ಎರಡೂ ಸೇರಿ 'ಯೊಂದೆ ಮಿರು', ಅಂದರೆ 'ಓದಿ ನೋಡು.' ಕಣ್ಣಿನಿಂದ ನೋಡುವ ಅರ್ಥ ಹೋಗಿ ಪ್ರಯತ್ನಿಸುವ ಅರ್ಥ ಬರುವುದು ಎರಡು ಭಾಷೆಯಲ್ಲೂ ಒಂದೇ ರೀತಿ. 'ಒಕು' ಎಂದರೆ ಇಡು. 'ಕಇತೆ ಒಕು' ಎಂದರೆ 'ಬರೆದಿಡು', ಮುಂದೆ ಬೇಕಾಗುತ್ತದೆ ಎಂಬ ಛಾಯೆಯೂ ಅದೇ. 'ತಬೆತೆ ಶಿಮಾಉ' ಎಂಬುದಕ್ಕೆ ಕನ್ನಡದ 'ತಿಂದುಬಿಡು' ಎಷ್ಟು ಚೆನ್ನಾಗಿ ಕೂರುತ್ತದೆಂದರೆ, 'ಅಯ್ಯೋ, ತಿಂದುಬಿಟ್ಟೆ' ಎನ್ನುವಾಗಿನ ಪೇಚಾಟವೂ ಅದರಲ್ಲಿ ಬರುತ್ತದೆ. ಇಂಗ್ಲಿಷ್ ವಿವರಣೆ ಇವುಗಳಿಗೆ ಒಂದೊಂದು ಪುಟ ತೆಗೆದುಕೊಳ್ಳುತ್ತದೆ, ಓದಿದವರಿಗೆ ಕೊನೆಗೂ ಅನುಮಾನ ಉಳಿಯುತ್ತದೆ. ಕನ್ನಡದಲ್ಲಿ ಒಂದು ಸಾಲು ಸಾಕು.

ತಪ್ಪುಗಳು ಎಲ್ಲಿಂದ ಬರುತ್ತವೆ ಎನ್ನುವುದೂ ಇದರಿಂದ ಗೊತ್ತಾಗುತ್ತದೆ. 'ನನಗೆ ಜಪಾನಿ ಅರ್ಥವಾಗುತ್ತದೆ' ಎನ್ನಲು 'ನಿಹೊಂಗೊ ಗ ವಕರು' ಎನ್ನಬೇಕು. ಇಂಗ್ಲಿಷಿನ 'ಐ ಅಂಡರ್‌ಸ್ಟ್ಯಾಂಡ್' ತಲೆಯಲ್ಲಿದ್ದವರು ಜಪಾನಿಯನ್ನು ಕರ್ಮ ಎಂದುಕೊಂಡು, 'ಗ' ಇರಬೇಕಾದ ಕಡೆ 'ಅನ್ನು' ಅರ್ಥದ 'ಒ' ಹಾಕುತ್ತಾರೆ. 'ನನಗೆ ಜಪಾನಿಯನ್ನು ಅರ್ಥವಾಗುತ್ತದೆ' ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. ಮಾತೃಭಾಷೆಯನ್ನು ಕೇಳಿದ್ದರೆ ಅದೇ ತಿದ್ದುತ್ತಿತ್ತು. ಕನ್ನಡದ ಹುಡುಗಿ ಈ ತಪ್ಪು ಮಾಡಿದಳೆಂದರೆ, ಅವಳ ಕನ್ನಡವನ್ನು ತರಗತಿಯ ಬಾಗಿಲಲ್ಲಿ ಚಪ್ಪಲಿಯ ಹಾಗೆ ಬಿಡಿಸಿದ್ದಾರೆ ಎಂದರ್ಥ.

ಅಕ್ಷರಮಾಲೆಯ ಸಂಬಂಧ

ಲಿಪಿಯ ವಿಷಯಕ್ಕೆ ಬಂದರೂ ಹೀಗೆಯೇ. ಜಪಾನಿ ಹಿರಗಾನ ಅಕ್ಷರಮಾಲೆಯನ್ನು ಮಕ್ಕಳು ಒಪ್ಪಿಸುವ ಸರದಿ 'ಅ ಇ ಉ ಎ ಒ', ಆಮೇಲೆ 'ಕ ಸ ತ ನ ಹ ಮ ಯ ರ ವ'. ಕನ್ನಡದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಿದರೆ ಕಾರಣವಿದೆ. ಬೌದ್ಧ ಗ್ರಂಥಗಳ ಜೊತೆ ಸಿದ್ಧಂ ಲಿಪಿಯ ಅಧ್ಯಯನ ಜಪಾನಿಗೆ ಹೋಯಿತು, ಭಾರತದ ವರ್ಣಮಾಲೆಯ ಕ್ರಮ ಅಲ್ಲಿನ ಅಕ್ಷರಗಳ ಕ್ರಮವಾಯಿತು. ಕವರ್ಗದ ಕಡೆ ಕ, ಚವರ್ಗದ ಕಡೆ ಸ, ತವರ್ಗದ ಕಡೆ ತ ಮತ್ತು ನ. ಪವರ್ಗದ ಜಾಗದಲ್ಲಿ ಹ ಯಾಕೆ ಬಂತು ಎಂದರೆ, ಹಳೆಯ ಜಪಾನಿಯ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಹಳಗನ್ನಡದ 'ಪುಲಿ' ಹೊಸಗನ್ನಡದಲ್ಲಿ 'ಹುಲಿ' ಆದ ಹಾಗೆ. ಮನೆಯಲ್ಲಿ ಇಂದಿಗೂ 'ಪಿಲಿ' ಎನ್ನುವ ಕುರ್ಲಾದ ತುಳು ಮಕ್ಕಳಿಗೆ ಈ ಬದಲಾವಣೆಯನ್ನು ವಿವರಿಸಲು ಬೇರೆ ಉದಾಹರಣೆ ಬೇಕಿಲ್ಲ.

ಉಚ್ಚಾರಣೆಯಲ್ಲಿ ರೋಮನ್ ಲಿಪಿ ಮಾಡುವ ಹಾನಿ ದೊಡ್ಡದು. ಜಪಾನಿಯಲ್ಲಿ ಹ್ರಸ್ವ-ದೀರ್ಘ, ಒತ್ತು ಇವುಗಳಿಂದ ಅರ್ಥವೇ ಬದಲಾಗುತ್ತದೆ. 'ಒಬಸನ್' ಎಂದರೆ ಚಿಕ್ಕಮ್ಮ ಅಥವಾ ಅತ್ತೆ, 'ಒಬಾಸನ್' ಎಂದರೆ ಅಜ್ಜಿ. 'ಕಿತೆ' ಎಂದರೆ ಬಂದು, 'ಕಿತ್ತೆ' ಎಂದರೆ ಅಂಚೆ ಚೀಟಿ. 'ಬಳೆ' ಮತ್ತು 'ಬಾಳೆ', 'ಹಳಿ' ಮತ್ತು 'ಹಳ್ಳಿ' ಬೇರೆ ಬೇರೆ ಎಂದು ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ರೋಮನ್‌ನಲ್ಲಿ ತಲೆಯ ಮೇಲಿನ ಗೆರೆ ಬಿಟ್ಟು ಬರೆದಾಗ ಚಿಕ್ಕಮ್ಮ, ಅಜ್ಜಿ ಇಬ್ಬರೂ ಒಂದೇ ಆಗುತ್ತಾರೆ. ಎ-ಏ, ಒ-ಓ ಎರಡನ್ನೂ ಬೇರೆ ಅಕ್ಷರದಲ್ಲಿ ಬರೆಯುವ ಕನ್ನಡ ಲಿಪಿ ಈ ಕೆಲಸಕ್ಕೆ ಹಿಂದಿ, ಮರಾಠಿ ಬರೆಯುವ ರೂಢಿಗಿಂತಲೂ ಅನುಕೂಲ. ಹಿರಗಾನ ಕೈಗೆ ಹತ್ತುವವರೆಗಿನ ಎರಡು ಮೂರು ವಾರ ಉಚ್ಚಾರಣೆಯನ್ನು ರೋಮನ್ ಬದಲು ಕನ್ನಡದಲ್ಲಿ ಬರೆದುಕೊಂಡರೆ, ಆಮೇಲೆ ತಿದ್ದಿಕೊಳ್ಳುವ ಶ್ರಮವೇ ಉಳಿಯುತ್ತದೆ.

ಅನುಕರಣ ಪದಗಳಂತೂ ನೆಂಟರ ಮನೆಗೆ ಹೋದ ಹಾಗೆ. 'ಪಿಕಪಿಕ' ಎಂದರೆ ಪಳಪಳ. 'ದೊಕಿದೊಕಿ' ಎಂದರೆ ಎದೆ ಡವಡವ. ಹೊಟ್ಟೆ ಚುರುಚುರು ಎನ್ನುವುದಕ್ಕೆ 'ಪೆಕೊಪೆಕೊ'. ಇವನ್ನು ಇಂಗ್ಲಿಷಿಗೆ ತಿರುಗಿಸಿ ಕಲಿಯುವುದೆಂದರೆ ಹಪ್ಪಳವನ್ನು ನೀರಿನಲ್ಲಿ ನೆನೆಸಿ ತಿಂದ ಹಾಗೆ.

ಇಷ್ಟರಿಂದ ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳು ಎಂದು ಹೊರಡಬಾರದು. ಜಪಾನಿನ ವಿದ್ವಾಂಸ ಸುಸುಮು ಓನೊ ಜಪಾನಿಗೂ ತಮಿಳಿಗೂ ರಕ್ತಸಂಬಂಧ ಇದೆ ಎಂದು ದೀರ್ಘಕಾಲ ವಾದಿಸಿದರು, ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯಗಳು ಹೆಸರಿನ ಹಿಂದೆ ಅಂಟಿಕೊಳ್ಳುವುದು ಕೊರಿಯನ್, ಮಂಗೋಲಿಯನ್, ಟರ್ಕಿಶ್ ಭಾಷೆಗಳಲ್ಲೂ ಇದೆ. ಹೋಲಿಕೆ ಇರುವುದು ರಚನೆಯಲ್ಲಿ. ಕಲಿಯುವವರಿಗೆ ಬೇಕಾದ್ದೂ ಅಷ್ಟೇ.

ಕನ್ನಡ ನೆರವಿಗೆ ಬಾರದ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು. ದಿನಬಳಕೆಗೆಂದು ಜಪಾನ್ ಸರ್ಕಾರ ಗುರುತಿಸಿದ ಕಾಂಜಿಗಳೇ 2,136. ಅದಕ್ಕೆ ಯಾವ ಭಾರತೀಯ ಭಾಷೆಯಿಂದಲೂ ಒಳದಾರಿ ಇಲ್ಲ. 'ವ' ಮತ್ತು 'ಗ' ಎಂಬ ಎರಡು ಪ್ರತ್ಯಯಗಳ ವ್ಯತ್ಯಾಸ ವರ್ಷಗಟ್ಟಲೆ ಕಾಡುತ್ತದೆ. ಕನ್ನಡದಲ್ಲಿ 'ಇದು, ಅದು' ಎರಡೇ ಇದ್ದರೆ ಅಲ್ಲಿ ಮಾತಾಡುವವರ ಹತ್ತಿರದ್ದು, ಕೇಳುವವರ ಹತ್ತಿರದ್ದು, ಇಬ್ಬರಿಗೂ ದೂರದ್ದು ಎಂದು ಮೂರು. ಕನ್ನಡ 'ಇಬ್ಬರು ಜನ, ಎರಡು ಪುಸ್ತಕ' ಎಂದು ಮನುಷ್ಯರನ್ನು ಮಾತ್ರ ಬೇರೆಯಾಗಿ ಎಣಿಸಿದರೆ, ಜಪಾನಿಯಲ್ಲಿ ಕಾಗದಕ್ಕೊಂದು, ಪೆನ್ಸಿಲಿಗೊಂದು, ಪುಸ್ತಕಕ್ಕೊಂದು ಎಣಿಕೆ. ಒಳ್ಳೆಯ ಕನ್ನಡ ಪಠ್ಯ ಎಂದರೆ ಹೋಲಿಕೆ ಇರುವಲ್ಲಿ ಓಡಿ, ಇಲ್ಲದಲ್ಲಿ ನಿಂತು ಹೇಳುವ ಪಠ್ಯ. ಹಾಗೆ ಉಳಿಸಿದ ಗಂಟೆಗಳನ್ನು ಕಾಂಜಿಗೆ ಕೊಡಬಹುದು. ಅಗ್ಗ ಮಾಡುವುದು ಎಂದರೆ ಇದು.

ಇಂಗ್ಲಿಷ್ ಹೇಗೂ ಬೇಕಲ್ಲ?

ಇದಕ್ಕೆ ಬರುವ ಆಕ್ಷೇಪ ಗೊತ್ತಿದ್ದದ್ದೇ. ಜಪಾನಿ ಕಲಿಯುವಷ್ಟು ಮುಂದೆ ಬಂದವರಿಗೆ ಇಂಗ್ಲಿಷ್ ಬಂದೇ ಬರುತ್ತದೆ, ಕನ್ನಡದ ಪಠ್ಯ ಯಾರಿಗೆ ಬೇಕು? ಮುಂಬಯಿಯ ಮಕ್ಕಳಿಗೆ ಕನ್ನಡ ಓದಲೇ ಬಾರದಲ್ಲ?

ಸಾಫ್ಟ್‌ವೇರ್ ಕೆಲಸಕ್ಕೆ ಹೊರಟವರ ಮಟ್ಟಿಗೆ ಮೊದಲ ಮಾತು ಸರಿ. ಆದರೆ ಆರೈಕೆ, ಅಡುಗೆಮನೆ, ಸ್ವಚ್ಛತೆಯ ಕೆಲಸಗಳಿಗೆ ಹೊರಡುವವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ವ್ಯಾಕರಣ ಓದಿ ಅರಗಿಸಿಕೊಂಡವರಲ್ಲ. ಅವರಿಗೆ ಇಂಗ್ಲಿಷ್ ಒಂದು ಜರಡಿ. ಜಪಾನಿ ಬಾರದವರು ಎಂದು ಹೊರಗುಳಿದವರಲ್ಲಿ ಎಷ್ಟೋ ಜನ ನಿಜವಾಗಿ ಇಂಗ್ಲಿಷ್ ಬಾರದ್ದರಿಂದ ಉಳಿದವರಾಗಿರುತ್ತಾರೆ. ಅವರು ತಮ್ಮ ತಲೆಗೆ ಜಪಾನಿ ಹತ್ತುವುದಿಲ್ಲ ಎಂದು ನಂಬಿಕೊಂಡು ಸುಮ್ಮನಾಗುವುದು ಇನ್ನೂ ದೊಡ್ಡ ನಷ್ಟ.

ಎರಡನೆಯ ಮಾತಿಗೆ ಉತ್ತರ: ಕನ್ನಡ ಓದಲು ಬಾರದವರಿಗೂ ಕನ್ನಡ ಕೇಳಲು ಬರುತ್ತದೆ. ವಿವರಣೆಯನ್ನು ಮಾತಿನಲ್ಲಿ ಕೊಡಬಹುದು. 'ಓದಿ ನೋಡು ಅಂತೀವಲ್ಲ, ಹಾಗೇ' ಎನ್ನಲು ಅಕ್ಷರ ಬೇಕಿಲ್ಲ. ಅಷ್ಟೇ ಅಲ್ಲ, ಈ ಪಠ್ಯ ಮುಂಬಯಿಗೆ ಮಾತ್ರ ಸೀಮಿತವೂ ಅಲ್ಲ. ಕುರ್ಲಾದಲ್ಲಿ ತಯಾರಾದದ್ದು ಹುಬ್ಬಳ್ಳಿ, ಬೀದರ, ಕಾಸರಗೋಡು, ಸೊಲ್ಲಾಪುರಗಳ ಹುಡುಗರಿಗೂ ಸಲ್ಲುತ್ತದೆ.

ಜಪಾನಿನ ಕಡೆಯಿಂದ ಈ ಕೆಲಸ ನಡೆದಿದೆ ಎನ್ನುವುದನ್ನೂ ನೆನೆಯಬೇಕು. ನೊರಿಹಿಕೊ ಉಚಿದ ಅವರು ಬಿ. ಬಿ. ರಾಜಪುರೋಹಿತರ ಜೊತೆ ಸೇರಿ ಕನ್ನಡ-ಇಂಗ್ಲಿಷ್ ವ್ಯುತ್ಪತ್ತಿ ಕೋಶವನ್ನು ಮಾಡಿದರು, ಅದು ಹೊರಬಂದದ್ದು ಟೋಕಿಯೋದಿಂದ. ಅಲ್ಲಿಂದ ಇಲ್ಲಿಗೆ ಬರಲು ಅವರು ಇಷ್ಟು ಶ್ರಮ ಪಟ್ಟಿರುವಾಗ, ಇಲ್ಲಿಂದ ಅಲ್ಲಿಗೆ ಹೋಗುವವರ ಕೈಗೆ ನೂರು ಪುಟದ ಟಿಪ್ಪಣಿಯನ್ನಾದರೂ ಕೊಡಬೇಡವೇ?

ರಾತ್ರಿ ಶಾಲೆಗೆ ಗೊತ್ತಿದ್ದದ್ದು

ಮುಂಬಯಿಯ ಕನ್ನಡಿಗರಿಗೆ ಈ ಸಮಸ್ಯೆ ಹೊಸದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದ ಹುಡುಗರಿಗೆ ಹಗಲಿನ ಶಾಲೆ ಎಟುಕುತ್ತಿರಲಿಲ್ಲ. ಅವರಿಗಾಗಿ ಹುಟ್ಟಿದ್ದು ರಾತ್ರಿ ಶಾಲೆ. 1902ರಲ್ಲಿ ಶುರುವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಉಚಿತ ರಾತ್ರಿ ಶಾಲೆ ತೆರೆಯಿತು. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್ ಮೊದಲಾದವು ಅದೇ ದಾರಿ ಹಿಡಿದವು. ಹಗಲು ತಟ್ಟೆ ಎತ್ತಿ ರಾತ್ರಿ ಬೆಂಚಿನಲ್ಲಿ ಕೂತು ಮೆಟ್ರಿಕ್ ಮುಗಿಸಿದವರಲ್ಲಿ ಮುಂದೆ ಹೋಟೆಲು ಮಾಲೀಕರಾದವರು, ವಕೀಲರಾದವರು, ಲೇಖಕರಾದವರು ಇದ್ದಾರೆ.

ಆ ಶಾಲೆಗಳು ಗೆದ್ದದ್ದು ಪುಕ್ಕಟೆ ಇದ್ದವು ಎಂಬ ಒಂದೇ ಕಾರಣಕ್ಕಲ್ಲ. ದುಡಿಯುವವರ ಹೊತ್ತಿಗೆ ಬಾಗಿಲು ತೆರೆದವು. ಗೊತ್ತಿರುವ ಭಾಷೆಯಲ್ಲಿ ಗೊತ್ತಿಲ್ಲದ್ದನ್ನು ಕಲಿಸಿದವು. ಇಂಗ್ಲಿಷನ್ನೂ ಕನ್ನಡದ ಮೂಲಕವೇ ಹೇಳಿಕೊಟ್ಟವು. ಪಕ್ಕದ ಬೆಂಚಿನಲ್ಲಿ ಅದೇ ಊರಿನ, ಅದೇ ದಣಿವಿನ ಇನ್ನೊಬ್ಬ ಹುಡುಗ ಇದ್ದ. ಎರಡು ದಿನ ಬಾರದಿದ್ದರೆ 'ಎಲ್ಲೋ ಹೋಗಿದ್ದೆ' ಎಂದು ಮಾಸ್ತರರು ಕೇಳುತ್ತಿದ್ದರು. ಕೊನೆಯಲ್ಲಿ ಲೋಕ ಒಪ್ಪುವ ಒಂದು ಪರೀಕ್ಷೆ ಇತ್ತು.

ಇದೇ ಅಳತೆಗೋಲನ್ನು ಆನ್‌ಲೈನ್ ಪಾಠಕ್ಕೆ ಹಿಡಿದರೆ ದರಕ್ಕೆ ಪೂರ್ತಿ ಅಂಕ, ಹೊತ್ತಿಗೆ ಮುಕ್ಕಾಲು ಅಂಕ. ಪರೀಕ್ಷೆಯೂ ಇದೆ. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ ಕೇಂದ್ರಗಳಿವೆ. ಆದರೆ ಅದರಲ್ಲಿ ಓದುವುದು, ಕೇಳುವುದು ಮಾತ್ರ. ಉತ್ತರಕ್ಕೆ ಗುಂಡಿ ತುಂಬಿದರೆ ಆಯಿತು, ಮಾತಾಡುವ ಪರೀಕ್ಷೆ ಇಲ್ಲ. ಒಬ್ಬಂಟಿಯಾಗಿ ಫೋನಿನಲ್ಲಿ ಓದಿದವರು ಎನ್-4 ಪಾಸು ಮಾಡಿಯೂ ಮಾಲೀಕರ ಎದುರು ಬಾಯಿ ಬಿಡಲಾರದೆ ನಿಲ್ಲಬಹುದು. ಗೊತ್ತಿರುವ ಭಾಷೆಯಲ್ಲಿ ವಿವರಣೆ ಇದೆಯೇ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬ ಎರಡು ಪ್ರಶ್ನೆಗಳಿಗೆ ಸೊನ್ನೆ. ಎರಡು ದಿನ ಬಾರದಿದ್ದರೆ ಆ್ಯಪು ಒಂದು ನೋಟಿಫಿಕೇಶನ್ ಕಳಿಸುತ್ತದೆ. ಬೆರಳಿನಿಂದ ಸರಿಸಿದರೆ ಅದೂ ಹೋಯಿತು.

ಆದ್ದರಿಂದ ಮಾಡಬೇಕಾದ್ದು ಸ್ಪಷ್ಟ. ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಬರವಿಲ್ಲ, ಕೋಣೆಗಳಿಗೂ ಬರವಿಲ್ಲ. ಕುರ್ಲಾ ಪೂರ್ವದ ಬಂಟರ ಭವನದ ಆವರಣದಲ್ಲಿ ಕಾಲೇಜುಗಳೇ ಇವೆ. ನದಿಯ ಆಚೆ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಚೆಂಬೂರು, ಮಾಟುಂಗಾಗಳಲ್ಲಿ ಹಳೆಯ ಸಂಘಗಳಿವೆ. ಇವುಗಳಲ್ಲಿ ಯಾವುದಾದರೂ ಒಂದು, ವಾರಕ್ಕೆ ಎರಡು ರಾತ್ರಿ, ಎರಡೆರಡು ಗಂಟೆ, ಒಂದು ಕೋಣೆ ಮತ್ತು ಒಂದು ದೊಡ್ಡ ಪರದೆ ಬಿಟ್ಟುಕೊಟ್ಟರೆ ಸಾಕು. ಪಠ್ಯ ಹುಡುಕಬೇಕಾಗಿಲ್ಲ, ಇರೊದೊರಿ ಪುಕ್ಕಟೆ ಇದೆ. ಪರದೆಯ ಮೇಲೆ ಪಾಠ ಮಾಡುವ ಶಿಕ್ಷಕರಿಗೆ ಮಾತ್ರ ಸಂಬಳ ಕೊಡಬೇಕು, ಹದಿನೈದು ಜನ ಹಂಚಿಕೊಂಡರೆ ತಲೆಗೆ ಬೀಳುವುದು ಚಹಾದ ಖರ್ಚು. ಉಳಿದ ಎರಡು ಗಂಟೆ ಲೋಕಲ್ ರೈಲಿನಲ್ಲಿ, ಕಿವಿಯಲ್ಲಿ. ವಾರಕ್ಕೆ 6 ಗಂಟೆ ಹೀಗೆ ಕೂಡುತ್ತದೆ. ಜನವರಿಯಲ್ಲಿ ಶುರುಮಾಡಿದರೆ ಜುಲೈನಲ್ಲಿ ಎನ್-5, ಡಿಸೆಂಬರಿನಲ್ಲಿ ಎನ್-4.

ಕನ್ನಡ ಟಿಪ್ಪಣಿಯ ಕೆಲಸ ಇದರ ಜೊತೆಗೇ ನಡೆಯಬೇಕು. ಮೊದಲ ತಂಡದಲ್ಲಿ ಕನ್ನಡ ಚೆನ್ನಾಗಿ ಬಲ್ಲ ಒಬ್ಬರು, ಜಪಾನಿ ಬಲ್ಲ ಒಬ್ಬರು ಇದ್ದರೆ, ಪಾಠಕ್ಕೆ ಎರಡು ಪುಟದಂತೆ ಬರೆಯುತ್ತಾ ಹೋಗಬಹುದು. ಇರೊದೊರಿಯ ಮೂರು ಪುಸ್ತಕಗಳ 54 ಪಾಠಕ್ಕೆ ನೂರು ಪುಟ ಚಿಲ್ಲರೆ. ಯಾವ ವಾಕ್ಯ ಕನ್ನಡದ ಹಾಗೇ ಇದೆ, ಯಾವುದು ಕನ್ನಡದ ಹಾಗೆ ಕಂಡು ಮೋಸ ಮಾಡುತ್ತದೆ, ಅಷ್ಟೇ ಅದರಲ್ಲಿರಬೇಕು. ಎರಡನೆಯ ವರ್ಷದ ತಂಡ ಅದನ್ನು ತಿದ್ದುತ್ತದೆ. ಮೂರನೆಯ ವರ್ಷಕ್ಕೆ ಅದು ಎಲ್ಲ ಕನ್ನಡಿಗರಿಗೂ ಪುಕ್ಕಟೆ ಸಿಗುವ ಪುಸ್ತಕವಾಗುತ್ತದೆ.

ಇದರಲ್ಲಿ ಪಣಕ್ಕಿರುವುದು ಪ್ರಮಾಣಪತ್ರ ಮಾತ್ರವಲ್ಲ. ಪರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಭಾಷೆಯೇ ರಕ್ಷಣೆ. ಕರಾರಿನಲ್ಲಿ ಎಷ್ಟು ಗಂಟೆ ಬರೆದಿದೆ, ಸಂಬಳದಿಂದ ಯಾವುದಕ್ಕೆ ಎಷ್ಟು ಕಳೆದಿದ್ದಾರೆ, ಯಂತ್ರದ ಮೇಲೆ 'ಅಪಾಯ' ಎಂದಿದೆಯೇ, ಆಸ್ಪತ್ರೆಯಲ್ಲಿ ನೋವು ಎಲ್ಲಿ ಎಂದು ಹೇಳುವುದು ಹೇಗೆ, ಇವನ್ನೆಲ್ಲ ತಾವೇ ಓದಿ ತಾವೇ ಕೇಳಬಲ್ಲವರಿಗೆ ಮಧ್ಯವರ್ತಿಯ ಹಂಗು ಕಡಿಮೆ. ಅರೆಬರೆ ಕಲಿತು ಹೋದವರು ಅಲ್ಲಿಯೂ ಯಾರದೋ ಬಾಯನ್ನು ನಂಬಿ ಬದುಕಬೇಕಾಗುತ್ತದೆ. 50,000 ಎಂಬ ಗುರಿಯಲ್ಲಿ ಕನ್ನಡದವರ ಪಾಲು ಎಷ್ಟು ಎಂದು ಎಣಿಸುವುದಕ್ಕಿಂತ, ಹೋಗುವ ಒಬ್ಬೊಬ್ಬರೂ ಎಷ್ಟು ಭಾಷೆ ಹೊತ್ತು ಹೋಗುತ್ತಾರೆ ಎಂದು ಕೇಳುವುದು ಮುಖ್ಯ.

ನೂರು ವರ್ಷದ ಹಿಂದೆ ಮುಂಬಯಿಗೆ ಬಂದ ಕರಾವಳಿಯ ಹುಡುಗನಿಗೆ ಮರಾಠಿಯೂ ಗೊತ್ತಿರಲಿಲ್ಲ, ಇಂಗ್ಲಿಷೂ ಗೊತ್ತಿರಲಿಲ್ಲ. ಅವನಿಗೆ ಯಾರೂ 'ಪುಸ್ತಕ ಪುಕ್ಕಟೆ ಇದೆ, ಓದಿಕೋ' ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ದೀಪ ಹಚ್ಚಿ, ಬೆಂಚು ಹಾಕಿ, ಅವನ ಭಾಷೆಯಲ್ಲೇ ಕೂರಿಸಿ ಕಲಿಸಿದರು. ಈಗ ದೀಪ ಇದೆ, ಬೆಂಚು ಇದೆ, ಪುಸ್ತಕವೂ ಪುಕ್ಕಟೆ ಇದೆ. ಬಾಕಿ ಇರುವುದು ಕೋಣೆಯ ಬೀಗ ತೆಗೆಯುವುದು, ಕನ್ನಡದಲ್ಲಿ ಮಾತು ಶುರುಮಾಡುವುದು.